ಮಾತ್ರೆ ಗಂಟೆಗಳಲ್ಲೇ ಕೆಲಸ ಶುರುಮಾಡಿದರೂ ಆತಂಕ ಇಳಿಯಲು ವಾರಗಳೇಕೆ?

ಪ್ರಶ್ನೆ:
ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ನಿನ ಮರುಹೀರಿಕೆ ತಡೆಯಲು ಶುರುಮಾಡುತ್ತದೆ. ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ರಾಸಾಯನಿಕವನ್ನು ಕೋಶದ ಪಂಪ್ ಮತ್ತೆ ಒಳಗೆಳೆದುಕೊಳ್ಳದಂತೆ ತಡೆಯುತ್ತದೆ. ಆದರೆ ಆತಂಕ ಇಳಿಯಲು 2ರಿಂದ 6 ವಾರ ಬೇಕು. ಮೊದಲ ವಾರವಂತೂ ಕೆಲವರಿಗೆ ಎದೆಬಡಿತ, ಚಡಪಡಿಕೆ ಇನ್ನಷ್ಟು ಏರುತ್ತದೆ. ‘ಸೆರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ತುಂಬಿಸುತ್ತದೆ’ ಎಂಬ ಮಾತು ಇದಕ್ಕೆ ತಾಳೆಯಾಗುವುದಿಲ್ಲ. ರಕ್ತದಲ್ಲಿ ಸೆರೊಟೋನಿನ್ ಪರೀಕ್ಷೆ ಮಾಡಿಸಿದರೆ ಏನಾದರೂ ತಿಳಿಯುತ್ತದೆಯೇ?

ಉತ್ತರ 1:
ತಾಳೆಯಾಗುವುದಿಲ್ಲ, ನಿಜ. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಸ್ಥಿರವಾದ ಪುರಾವೆ ಇಲ್ಲವೆಂದು 2022ರ ಒಂದು ದೊಡ್ಡ ಪರಾಮರ್ಶೆಯೂ ಹೇಳಿತು. ಹಾಗೆಂದು ಮಾತ್ರೆ ಕೆಲಸಕ್ಕೆ ಬಾರದು ಎಂದಲ್ಲ, ಅದು ಬೇರೆಯೇ ಪ್ರಶ್ನೆ.

ತಡಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಇದು. ಮೆದುಳಿನ ಕಾಂಡದಲ್ಲಿರುವ ರಾಫೆ ಕೋಶಗಳು ಸೆರೊಟೋನಿನ್ ಕಳಿಸುತ್ತವೆ. ಅವುಗಳ ಮೈಮೇಲೇ 5-ಎಚ್‌ಟಿ1ಎ ಎಂಬ ಗ್ರಾಹಕಗಳಿವೆ, ಅಂದರೆ ಸೆರೊಟೋನಿನ್ ಬಂದು ಕೂರುವ ತಾಣಗಳು. ಟ್ಯಾಂಕಿನ ಬಾಲ್‌ಕಾಕ್ ಇದ್ದ ಹಾಗೆ. ಸುತ್ತ ಸೆರೊಟೋನಿನ್ ಏರಿದ್ದೇ ಕೋಶದ ಮಿಡಿತ ತಗ್ಗಿಸಿಬಿಡುತ್ತವೆ, ಹಾಗಾಗಿ ಕೋಶ ಕಳಿಸುವ ಸೆರೊಟೋನಿನ್ನೂ ತಗ್ಗುತ್ತದೆ. ದಿನವೂ ಮಾತ್ರೆ ಬಿದ್ದಾಗ ಎರಡು ಮೂರು ವಾರಗಳಲ್ಲಿ ಈ ಗ್ರಾಹಕಗಳು ಮಂಕಾಗುತ್ತವೆ, ಮಿಡಿತ ಮರಳುತ್ತದೆ. ಭಯವನ್ನು ಸಂಭಾಳಿಸುವ ಅಮಿಗ್ಡಲಾ ಮತ್ತು ಮುಂಮೆದುಳಿನ ನಡುವಿನ ಸಂಪರ್ಕ ಹದಗೊಳ್ಳಲು ಇನ್ನೂ ಸಮಯ ಬೇಕು.

ಉತ್ತರ 2:
ರಕ್ತಪರೀಕ್ಷೆಗೆ ದಯವಿಟ್ಟು ದುಡ್ಡು ಸುರಿಯಬೇಡಿ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90 ಭಾಗ ಕರುಳಿನಲ್ಲಿದೆ, ರಕ್ತದಲ್ಲಿರುವುದು ಬಹುಪಾಲು ಪ್ಲೇಟ್‌ಲೆಟ್‌ಗಳೊಳಗೆ. ಅದು ಮೆದುಳಿಗೆ ದಾಟುವುದಿಲ್ಲ. ಪ್ಲೇಟ್‌ಲೆಟ್‌ಗಳಲ್ಲೂ ಸೆರೊಟೋನಿನ್ ಒಳಗೆಳೆಯುವ ಅದೇ ಪಂಪ್ ಇರುವುದರಿಂದ, ಮಾತ್ರೆ ಅದನ್ನೂ ತಡೆಯುವುದರಿಂದ ಮಾತ್ರೆ ಶುರುವಾದ ಮೇಲೆ ಆ ಅಂಕಿ ಕುಸಿಯುತ್ತದೆ. ಅಂದರೆ ವ್ಯಕ್ತಿ ಚೇತರಿಸಿಕೊಳ್ಳುತ್ತಿದ್ದರೂ ರಿಪೋರ್ಟ್ ‘ಕಡಿಮೆ’ ಎನ್ನುತ್ತದೆ! ಟಿಎಸ್‌ಎಚ್, (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12 ನೋಡಿಸಿ. ಥೈರಾಯ್ಡ್ ಹಾರ್ಮೋನ್ ಏರಿದರೆ ಥೇಟ್ ಆತಂಕದ ಲಕ್ಷಣಗಳೇ ಕಾಣುತ್ತವೆ. ವಯಸ್ಸಾದವರು, ಅದರಲ್ಲೂ ಬಿಪಿಗೆ ಥಯಾಜೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವವರು, ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ನೋಡಿಸಲೇಬೇಕು, ಅದು ಇಳಿಯಬಹುದು.

ಉತ್ತರ 3:
ಮೊದಲ ವಾರದ ಚಡಪಡಿಕೆಗೆ ಹೆದರಿಯೇ ಬಹಳ ಜನ ಮಾತ್ರೆ ಬಿಡುತ್ತಾರೆ. ಪ್ಯಾನಿಕ್ ಇರುವವರಿಗೆ ಸಾಮಾನ್ಯವಾಗಿ 5 ಮಿ.ಗ್ರಾಂನಿಂದ ಶುರುಮಾಡಿ ಒಂದು ವಾರದ ನಂತರ 10ಕ್ಕೆ ಏರಿಸುವುದು ಇದಕ್ಕಾಗಿಯೇ. ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ತೆಗೆದುಕೊಳ್ಳಬಹುದು. ಒಂದು ಡೋಸ್ ತಪ್ಪಿತೆಂದು ಮರುದಿನ ಎರಡು ನುಂಗಬಾರದು.

ಕೆಲವೊಮ್ಮೆ ಜೊತೆಗೆ ಕೊಡುವ, ಬೇಗ ಶಾಂತಗೊಳಿಸುವ ಕ್ಲೊನಾಜೆಪಾಮ್ ಮಾತ್ರೆಯ ದಾರಿಯೇ ಬೇರೆ. ಅದು ಗಾಬಾ (ಮೆದುಳನ್ನು ತಣ್ಣಗಾಗಿಸುವ ರಾಸಾಯನಿಕ) ಗ್ರಾಹಕದ ಮೇಲೆ ಕೂತು ನರಕೋಶವನ್ನು ತಕ್ಷಣ ಶಾಂತಗೊಳಿಸುತ್ತದೆ, ಆದರೆ ಬೇಗ ಅಭ್ಯಾಸವೂ ಆಗಬಹುದು. ಸಾಮಾನ್ಯವಾಗಿ 2ರಿಂದ 4 ವಾರ ಮೀರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ಕೊಳ್ಳಬೇಡಿ. ಮದ್ಯದ ಜೊತೆ ಉಸಿರಾಟಕ್ಕೇ ಅಪಾಯ. ನೋವಿಗೆ ಟ್ರಾಮಡಾಲ್ ಬರೆದರೆ ಎಸ್ಸಿಟಲೊಪ್ರಾಮ್ ವಿಷಯ ಹೇಳಿ, ಎರಡೂ ಸೇರಿದರೆ ನಡುಕ, ಜ್ವರ, ಗೊಂದಲದ ಸೆರೊಟೋನಿನ್ ಸಿಂಡ್ರೋಮ್ ಬರಬಹುದು.

ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಿನಗಟ್ಟಲೆ ಉಬ್ಬಿದ ಉತ್ಸಾಹ ಇದ್ದಿದ್ದರೆ ಮೊದಲೇ ತಿಳಿಸಿ. ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬರುವ ಕಾಯಿಲೆ) ಇದ್ದವರಿಗೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. 25ರೊಳಗಿನವರನ್ನು ಮೊದಲ ವಾರಗಳಲ್ಲಿ ಮನೆಯವರು ಗಮನಿಸುತ್ತಿರಲಿ. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಯ ತನಕ ಕಾಯದೆ ವೈದ್ಯರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಕನ್ನಡದಲ್ಲೇ ಮಾತಾಡಬಹುದು.