ಕೇರಳ ಲಾಟರಿ ಬಹುಮಾನ: ಇಲಾಖೆಯ ಹೊಣೆ ಏನು, ನಾವು ಮಾಡಬೇಕಾದ್ದೇನು?

ಪ್ರಶ್ನೆ: ಮಂಗಳೂರಿನ ಸಂಬಂಧಿಕರೊಬ್ಬರು ಕಾಸರಗೋಡಿನ ಅಂಗಡಿಯಲ್ಲಿ ಕೊಂಡ ಕೇರಳ ಲಾಟರಿ ಟಿಕೆಟ್‌ಗೆ ದೊಡ್ಡ ಬಹುಮಾನ ಬಂದ ಹಾಗಿದೆ. ಹೊರರಾಜ್ಯದವರಿಗೂ ಹಣ ಕೊಡುತ್ತಾರಾ? ತಿಳಿದವರು ಹೇಳಿ.

ಉತ್ತರ 1: ಕೊಡುತ್ತಾರೆ. ಟಿಕೆಟ್ ಕೇರಳದೊಳಗೆ ಕೊಂಡದ್ದಾದರೆ ಕೊಂಡವರ ಊರು ಯಾವುದಾದರೂ ಅಡ್ಡಿಯಿಲ್ಲ. ಆದರೆ "ಬಂದ ಹಾಗಿದೆ" ಅಂದಿದ್ದೀರಿ, ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಚಾರ್ಟ್ ಬಿಟ್ಟು, ಕೇರಳ ಲಾಟರಿ ಇಲಾಖೆಯ ಅಧಿಕೃತ ಫಲಿತಾಂಶ ಮತ್ತು ಕೇರಳ ಗೆಜೆಟ್‌ನೊಂದಿಗೆ ತಾಳೆ ನೋಡಿ. ಜನ ಎಡವುವುದು ಸರಣಿಯ ಅಕ್ಷರಗಳಲ್ಲಿ. ಆರೂ ಅಂಕೆ ಹೊಂದಿದರೂ ಅಂಕೆಗಳಿಗೆ ಮೊದಲಿರುವ ಎರಡು ಅಕ್ಷರ ಬೇರೆಯಿದ್ದರೆ ಸಿಗುವುದು ಸಮಾಧಾನಕರ ಬಹುಮಾನ ಮಾತ್ರ.

ಖಾತ್ರಿಯಾದ ಕೂಡಲೇ ಟಿಕೆಟ್‌ನ ಹಿಂಬದಿ ಹೆಸರು, ವಿಳಾಸ ಬರೆದು ಸಹಿ ಹಾಕಿಸಿ. ಸಹಿಯಿಲ್ಲದ ಟಿಕೆಟ್ ಕಳೆದರೆ ಅದು ನಿಮ್ಮದೆಂದು ಸಾಧಿಸುವುದು ಬಹಳ ಕಷ್ಟ. ಲ್ಯಾಮಿನೇಷನ್ ಮಾಡಿಸಬೇಡಿ, ಪಿನ್ ಹೊಡೆಯಬೇಡಿ, ಬಾರ್‌ಕೋಡ್ ಮೇಲೆ ಮಡಿಕೆ ಬೀಳಬಾರದು. ಟಿಕೆಟ್ ಅಸಲಿಯೋ ಎಂದು ನೋಡುವುದೇ ಆ ಗುರುತುಗಳಿಂದ. ಕೊಡುವ ಮೊದಲು ಎರಡೂ ಬದಿಯ ನಕಲು ತೆಗೆದು ಗೆಜೆಟೆಡ್ ಅಧಿಕಾರಿ ಅಥವಾ ನೋಟರಿಯಿಂದ ದೃಢೀಕರಿಸಿ. ಜೊತೆಗೆ ಅರ್ಜಿ, ಫೋಟೊ, ರೆವೆನ್ಯೂ ಸ್ಟಾಂಪ್ ಹಚ್ಚಿದ ರಸೀದಿ, ಪ್ಯಾನ್, ಆಧಾರ್ ಬೇಕು. 5,000 ರೂಪಾಯಿವರೆಗಿನದನ್ನು ಕೇರಳದ ಲಾಟರಿ ಅಂಗಡಿಯಲ್ಲೇ ಪಡೆಯಬಹುದು. 1 ಲಕ್ಷ ದಾಟಿದರೆ ತಿರುವನಂತಪುರದ ನಿರ್ದೇಶನಾಲಯಕ್ಕೆ, ಇಲ್ಲವೇ ಬ್ಯಾಂಕ್ ಮೂಲಕ. ಬ್ಯಾಂಕಿನ ದಾರಿಯೇ ವಾಸಿ, ಕೈಯಲ್ಲಿ ಸ್ವೀಕೃತಿ ಪತ್ರ ಉಳಿಯುತ್ತದೆ.

ಗಡುವು ಡ್ರಾ ಆದ ದಿನದಿಂದ 30 ದಿನ.

ಉತ್ತರ 2: ಆ ಗಡುವಿನ ಹಿಂದೆ ಕಾನೂನಿದೆ. 1998ರ ಲಾಟರಿ (ನಿಯಂತ್ರಣ) ಕಾಯ್ದೆಯ 4ನೇ ಕಲಂ ಪ್ರಕಾರ, ಅವಧಿಯೊಳಗೆ ಕೇಳದ ಬಹುಮಾನದ ಹಣ ಸರ್ಕಾರದ ಸ್ವತ್ತಾಗುತ್ತದೆ. ಅದೇ ಕಲಂ ಸರ್ಕಾರದ ಕೈಯನ್ನೂ ಕಟ್ಟಿದೆ. ಟಿಕೆಟ್ ಮೇಲೆ ರಾಜ್ಯದ ಲಾಂಛನವಿರಬೇಕು, ಡ್ರಾವನ್ನು ಸರ್ಕಾರವೇ ರಾಜ್ಯದೊಳಗೆ ನಡೆಸಬೇಕು, ಮಾರಾಟದ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಹೋಗಬೇಕು, ಒಂದಂಕಿಯ ಮೇಲೆ ಬಹುಮಾನ ಇಡುವಂತಿಲ್ಲ, ಬಂಪರ್ (ದೊಡ್ಡ ಬಹುಮಾನದ ವಿಶೇಷ) ಡ್ರಾ ವರ್ಷಕ್ಕೆ ಆರನ್ನು ಮೀರುವಂತಿಲ್ಲ. ಮಾರುವ ಕೆಲಸವನ್ನು ಏಜೆಂಟರಿಗೆ ಬಿಡಬಹುದು, ಡ್ರಾವನ್ನು ಬಿಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯ ಜೀವ ಇರುವುದು ಇಲ್ಲೇ. ಟಿಕೆಟ್ ತಿರಸ್ಕರಿಸಿದರೆ ಬಾಯಿಮಾತಿಗೆ ಒಪ್ಪದೆ, ಕಾರಣವನ್ನು ಬರಹದಲ್ಲಿ ಕೇಳಿ. ಮುಂದೆ ಮಾಹಿತಿ ಹಕ್ಕಿಗೋ ನ್ಯಾಯಾಲಯಕ್ಕೋ ಅದೇ ಆಧಾರ.

ಉತ್ತರ 3: ಕೈಗೆಷ್ಟು ಬರುತ್ತದೆ ಎಂಬುದಕ್ಕೆ 2022ರ ತಿರುವೋಣಂ ಬಂಪರ್ ನೋಡಿ. ಮೊದಲ ಬಹುಮಾನ 25 ಕೋಟಿ. ಏಜೆಂಟರ ಕಮಿಷನ್ ಶೇ 10, ಅಂದರೆ 2.5 ಕೋಟಿ ಕಳೆದು 22.5 ಕೋಟಿ. ಅದರಲ್ಲಿ ಶೇ 30 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ), 6.75 ಕೋಟಿ. ಉಳಿದದ್ದು 15.75 ಕೋಟಿ. ಕಮಿಷನ್ ದರ ಬದಲಾಗುತ್ತದೆ, ನಿಮ್ಮ ಡ್ರಾಕ್ಕೆ ಅನ್ವಯಿಸುವುದನ್ನು ವಿಚಾರಿಸಿ. ಟಿಡಿಎಸ್‌ಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಆದಾಯ 50 ಲಕ್ಷ ಮೀರಿದರೆ ಸರ್‌ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ), ತೆರಿಗೆ ಮತ್ತು ಸರ್‌ಚಾರ್ಜ್ ಎರಡರ ಮೇಲೂ ಶೇ 4 ಸೆಸ್ ನೀವೇ ಕಟ್ಟಬೇಕು. ಮನೆ ಕಟ್ಟುವ ಮೊದಲು ಆ ಹಣ ತೆಗೆದಿಡಿ.

ಉತ್ತರ 4: ಕರ್ನಾಟಕದಲ್ಲಿ ಲಾಟರಿ ಮಾರಾಟಕ್ಕೆ ನಿಷೇಧವಿದೆ, ಕೇರಳ ಲಾಟರಿಗೆ ಆನ್‌ಲೈನ್ ಮಾರಾಟವೇ ಇಲ್ಲ. ಮೊಬೈಲ್‌ಗೆ ಬಂದ ಟಿಕೆಟ್ ಚಿತ್ರಕ್ಕೆ ಬೆಲೆಯಿಲ್ಲ, ಕಾಗದದ ಟಿಕೆಟ್ಟೇ ಬೇಕು. "ತೆರಿಗೆ ಮುಂಗಡ ಕಟ್ಟಿದರೆ ಬಹುಮಾನ ಬಿಡುಗಡೆ" ಎಂದು ಕರೆ ಬಂದರೆ ಅದು ವಂಚನೆ. ತೆರಿಗೆಯನ್ನು ಬಹುಮಾನದಿಂದಲೇ ಮುರಿದುಕೊಳ್ಳುತ್ತಾರೆ. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.