ಸಸ್ಪೆನ್ಷನ್ ಎತ್ತರಿಸಿದ ರ್ಯಾಂಗ್ಲರ್‌ಗೆ ಮೊದಲು ಯಾವುದು: ಡ್ರೈವ್‌ಶಾಫ್ಟೋ, ಟ್ರಾನ್ಸ್‌ಫರ್ ಕೇಸೋ?

ಪ್ರಶ್ನೆ:
ನನ್ನಲ್ಲಿರುವುದು 2003ರ ಜೀಪ್ ರ್ಯಾಂಗ್ಲರ್ ಟಿಜೆ. ಗೇರ್‌ಬಾಕ್ಸ್ ಎನ್‌ವಿ3550, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಎನ್‌ಪಿ231, ಆಕ್ಸಲ್ ಅನುಪಾತ 3.73. ಸಸ್ಪೆನ್ಷನ್ 4 ಇಂಚು ಎತ್ತರಿಸಿದ ಮೇಲೆ, ವೇಗ ಹೆಚ್ಚಿದಂತೆಲ್ಲ ಹಿಂಬದಿಯಲ್ಲಿ ನಡುಕ ಕಾಣಿಸಿಕೊಳ್ಳುತ್ತಿದೆ. ಬಂಡೆ ಹತ್ತುವಾಗ ಟ್ರಾನ್ಸ್‌ಫರ್ ಕೇಸಿನ ನಿಧಾನ ಗೇರ್ ಆದ ಲೋ ರೇಂಜ್‌ನಲ್ಲಿಯೂ ವಾಹನ ಸಾಕಷ್ಟು ನಿಧಾನವಾಗದೆ, ಕ್ಲಚ್ ಮೇಲೆ ಕಾಲಿಟ್ಟೇ ಸಾಗಬೇಕಾಗುತ್ತದೆ. ಎರಡಕ್ಕೂ ಒಟ್ಟಿಗೆ ಖರ್ಚು ಮಾಡುವ ಸ್ಥಿತಿಯಲ್ಲಿಲ್ಲದ ಕಾರಣ, ಹೊಸ ಡ್ರೈವ್‌ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಬಲ ಒಯ್ಯುವ ದಂಡ) ಮತ್ತು ಟ್ರಾನ್ಸ್‌ಫರ್ ಕೇಸಿಗೆ ಇನ್ನೂ ನಿಧಾನದ 4:1 ಲೋ ರೇಂಜ್‌ಗಳಲ್ಲಿ ಯಾವುದನ್ನು ಮೊದಲು ಹಾಕಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಸ್ಪೇಸರ್ ಕೊಟ್ಟು ಟ್ರಾನ್ಸ್‌ಫರ್ ಕೇಸನ್ನು ಕೆಳಗಿಳಿಸಿದರೆ ಸಾಕಾಗುವುದೇ?

ಉತ್ತರ 1:
ಟೈರ್‌ಗಳ ಬ್ಯಾಲೆನ್ಸ್ ಸರಿಯಿದ್ದರೆ, ನಡುಕದ ಮೂಲ ಹಿಂದಿನ ಶಾಫ್ಟಿನ ಕೋನವೇ ಇರಬೇಕು. ಟಿಜೆಯ ವೀಲ್‌ಬೇಸ್ ಕೇವಲ 93.4 ಇಂಚು ಇರುವುದರಿಂದ ಅದರ ಹಿಂದಿನ ಶಾಫ್ಟ್ ಬಹಳ ಗಿಡ್ಡ. 4 ಇಂಚಿನ ಏರಿಕೆಗೇ ಅದು ಕಡಿದಾಗಿ ಇಳಿಯುತ್ತದೆ. ಕೋನದಲ್ಲಿ ತಿರುಗುವ ಯು-ಜಾಯಿಂಟ್ (ಶಾಫ್ಟಿನ ತುದಿಯಲ್ಲಿರುವ ಬಾಗುವ ಕೀಲು) ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ ಮತ್ತು ಶಾಫ್ಟಿನ ಎರಡೂ ತುದಿಗಳ ಕೋನ ಸಮವಾಗಿದ್ದಾಗ ಮಾತ್ರ ಆ ಏರಿಳಿತಗಳು ಪರಸ್ಪರ ರದ್ದಾಗುತ್ತವೆ. ಸ್ಪೇಸರ್ ಕೋನವನ್ನು ತಗ್ಗಿಸುತ್ತದೆ, ನಿಜ. ಆದರೆ ನೀವು ಹಣ ಕೊಟ್ಟು ಪಡೆದ ನೆಲದ ಅಂತರವನ್ನು ಹೊಟ್ಟೆಯ ಭಾಗದಲ್ಲಿಯೇ ಕಳೆದುಕೊಳ್ಳುತ್ತೀರಿ.

ಸ್ಲಿಪ್ ಯೋಕ್ ಎಲಿಮಿನೇಟರ್ (ಟ್ರಾನ್ಸ್‌ಫರ್ ಕೇಸಿನಲ್ಲಿ ಶಾಫ್ಟ್ ಜಾರುವ ಜೋಡಣೆಯ ಬದಲು ಸ್ಥಿರ ಜೋಡಣೆ ಕೊಡುವ ಕಿಟ್) ಹಾಕಿಸುವುದು ಸರಿಯಾದ ಪರಿಹಾರ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗ ಗಿಡ್ಡವಾಗುವುದರಿಂದ ಉದ್ದನೆಯ ಡಬಲ್ ಕಾರ್ಡನ್ ಶಾಫ್ಟಿಗೆ (ಟ್ರಾನ್ಸ್‌ಫರ್ ಕೇಸಿನ ತುದಿಯಲ್ಲಿ ಎರಡು ಯು-ಜಾಯಿಂಟ್ ಒಟ್ಟಿಗಿರುವುದು) ಜಾಗ ಸಿಗುತ್ತದೆ. ಇನ್ನೊಂದು ಅನುಕೂಲವೂ ಇದೆ: ಈಗಿನ ಸ್ಲಿಪ್ ಯೋಕ್ ಹೊರಗೆ ಬಂದರೆ ಎಣ್ಣೆ ಸೋರುತ್ತದೆ, ಸ್ಥಿರ ಯೋಕ್ ಇದ್ದರೆ ಮುರಿದ ಶಾಫ್ಟನ್ನು ಬಿಚ್ಚಿಟ್ಟು ಮುಂದಿನ ಚಕ್ರಗಳ ಬಲದಿಂದಲೇ ಹೊರಬರಬಹುದು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಲೆಕ್ಕವೂ ಅದನ್ನೇ ಹೇಳುತ್ತದೆ. ನಿಮ್ಮ ಮೊದಲ ಗೇರ್ 4.01, ಲೋ ರೇಂಜ್ 2.72, ಇವನ್ನು 3.73ರಿಂದ ಗುಣಿಸಿದರೆ ಈಗಿನ ಒಟ್ಟು ಅನುಪಾತ ಸುಮಾರು 40.7 ಆಗುತ್ತದೆ. 4:1 ಹಾಕಿಸಿದರೆ ಅದು ಸುಮಾರು 59.8ಕ್ಕೆ ಏರುತ್ತದೆ. ಆದರೆ ಈ ಹೆಚ್ಚುವರಿ ಗುಣಾಕಾರ ನಡೆಯುವುದು ಶಾಫ್ಟಿಗಿಂತ ಮೊದಲು; ಹಾಗಾಗಿ ಲೋ ರೇಂಜ್‌ನಲ್ಲಿ ಶಾಫ್ಟಿನ ಮೇಲೆ ಬೀಳಬಹುದಾದ ಟಾರ್ಕ್ ಶೇಕಡಾ 47ರಷ್ಟು ಹೆಚ್ಚುತ್ತದೆ. ಕೋನ ಕೆಟ್ಟಿರುವ ಶಾಫ್ಟಿನ ಮೇಲೆ ಅಷ್ಟು ಭಾರ ಹೇರುವುದು ವಿವೇಕವಲ್ಲ. ಆಕ್ಸಲ್ ಅನುಪಾತ ಬದಲಿಸಿದರೆ ಈ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಗುಣಾಕಾರ ಶಾಫ್ಟಿನ ನಂತರ ನಡೆಯುತ್ತದೆ. ಅಂದಹಾಗೆ, ಕೆಸರಿನಲ್ಲಿ ಚಕ್ರಕ್ಕೆ ವೇಗ ಬೇಕಾಗುವುದರಿಂದ, 4:1 ನಿಮಗೆ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಬಂಡೆಗಳಲ್ಲಿ.

ಪ್ರಶ್ನೆ ಕೇಳಿದವರು:
ಹಾಗಿದ್ದರೆ ಶಾಫ್ಟಿನಿಂದಲೇ ಆರಂಭಿಸುತ್ತೇನೆ. ಮುಂದೆ 4:1 ಹಾಕಿಸುವುದಾದರೆ 1310 ಅಳತೆಯದರ ಬದಲು ಈಗಲೇ ಅದಕ್ಕಿಂತ ದೊಡ್ಡದಾದ 1350 ಯು-ಜಾಯಿಂಟ್ ತೆಗೆದುಕೊಳ್ಳಬೇಕೇ?

ಉತ್ತರ 1:
33 ಇಂಚಿನ ಟೈರ್‌ವರೆಗೆ ನಾನು 1310 ಅನ್ನೇ ಉಳಿಸಿಕೊಳ್ಳುತ್ತೇನೆ. ಎಲ್ಲಿಯಾದರೂ ಒಂದು ಕಡೆ ಮುರಿಯಲೇಬೇಕೆಂದಿದ್ದರೆ, ಡಿಫರೆನ್ಷಿಯಲ್ ಒಳಗಿನ ಪಿನಿಯನ್‌ಗಿಂತ (ಶಾಫ್ಟಿನ ಬಲವನ್ನು ಆಕ್ಸಲ್‌ಗೆ ಒಯ್ಯುವ ಗೇರ್) ದಾರಿಯಲ್ಲಿಯೇ ಬದಲಿಸಬಹುದಾದ ಜಾಯಿಂಟ್ ಮುರಿಯಲಿ. ಡಬಲ್ ಕಾರ್ಡನ್ ಹಾಕಿದ ಮೇಲೆ ಪಿನಿಯನ್ ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಕಡೆಗೆ ಮುಖ ಮಾಡಬೇಕು, ವೇಗ ಹೆಚ್ಚಿಸಿದಾಗ ಅದು ಮೇಲಕ್ಕೇಳುವುದರಿಂದ ನಿಂತಾಗ ಒಂದೆರಡು ಡಿಗ್ರಿ ಕೆಳಗಿರಲಿ. ಇದಕ್ಕೆ ಹೊಂದಿಸಬಹುದಾದ ಕಂಟ್ರೋಲ್ ಆರ್ಮ್‌ಗಳು (ಆಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳುಗಳು) ಬೇಕಾಗುತ್ತವೆ. ಎಲಿಮಿನೇಟರ್ ಕೂರಿಸಿ, ಪಿನಿಯನ್ ಹೊಂದಿಸಿ, ವಾಹನದ ಭಾರ ಚಕ್ರಗಳ ಮೇಲಿರುವಾಗ ಅಳತೆ ತೆಗೆದ ನಂತರವೇ ಶಾಫ್ಟಿಗೆ ಆರ್ಡರ್ ಕೊಡಿ.