ಡ್ರಾಗನ್ಸ್ ಡಾಗ್ಮಾ 2 ತಗೊಳ್ಳಬಹುದಾ? ಆಡಿ ಗೊತ್ತಿದ್ದವರು ಹೇಳಿ

ಪ್ರಶ್ನೆ, ನಾಪೋಕ್ಲುವಿನಿಂದ:
ಕ್ಯಾಪ್‌ಕಾಮ್ ಕಂಪನಿಯ ಈ ಫ್ಯಾಂಟಸಿ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಆಟ) ಬಗ್ಗೆ ವಿಮರ್ಶಕರು ಹೊಗಳಿದ್ದಾರೆ, ದುಡ್ಡು ಕೊಟ್ಟು ತಗೊಂಡವರು ಉಗಿದಿದ್ದಾರೆ. ಯಾರನ್ನು ನಂಬೋದು? ಪಿಸಿ ಐ5-10400 ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ನೆಟ್ ಮೊಬೈಲ್‌ದು, ದಿನಕ್ಕೆ 2 ಜಿಬಿ. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಕರೆಂಟಿನ ಅವಸ್ಥೆ ನಿಮಗೂ ಗೊತ್ತು. ಕಥೆ ಮಾತ್ರ ಬಿಟ್ಟುಕೊಡಬೇಡಿ.

ಕುಶಾಲನಗರ:
ಬೈಗುಳದಲ್ಲಿ ಅರ್ಧ 2024ರ ಮಾರ್ಚ್ 22ರಂದು, ಬಿಡುಗಡೆ ದಿನ ಬಿದ್ದದ್ದು. ಆಗಿನ ಮುಖ್ಯ ದೂರು ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದು. ಊರಿನ ಪ್ರತಿ ಪಾತ್ರಕ್ಕೂ ಸಿಪಿಯು (ಪ್ರೊಸೆಸರ್) ಲೆಕ್ಕ ಹಾಕುತ್ತದೆ. ಅದಕ್ಕೇ ಕಾಡಲ್ಲಿ ಸಲೀಸಾಗಿ ಓಡುವ ಆಟ, ರಾಜಧಾನಿ ವರ್ನ್‌ವರ್ತ್ ಬಾಗಿಲು ದಾಟಿದ ಕೂಡಲೇ ಮುಗ್ಗರಿಸುತ್ತದೆ. ಆಮೇಲಿನ ಅಪ್‌ಡೇಟ್‌ಗಳಲ್ಲಿ ಸಿಪಿಯು ಹೊರೆ ಇಳಿಸಿದ್ದಾರೆ, ಪೂರ್ತಿ ಹೋಗಿಲ್ಲ.

ನಿಮ್ಮ ಕಾರ್ಡಿಗೆ ತೊಂದರೆ ಇಲ್ಲ, ಪ್ರೊಸೆಸರ್ರೇ ಒಂದು ಮೆಟ್ಟಿಲು ಕೆಳಗೆ. ಕಂಪನಿ ಹೇಳುವ ಕನಿಷ್ಠ ಐ5-10600. ಊರೊಳಗೆ ಡಿಎಲ್‌ಎಸ್‌ಎಸ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಹಾಕಿ ರೆಸಲ್ಯೂಶನ್ ಇಳಿಸಿದರೂ ಫ್ರೇಮ್ ಏರುವುದಿಲ್ಲ, ಅದು ಹಗುರ ಮಾಡುವುದು ಕಾರ್ಡಿನ ಕೆಲಸವನ್ನ. ಮೊದಲು ರ‍್ಯಾಮ್ ನೋಡಿ: 16 ಜಿಬಿಯ ಒಂದೇ ಸ್ಟಿಕ್ ಇದ್ದರೆ 8+8 ಮಾಡಿ ಡ್ಯುಯಲ್ ಚಾನೆಲ್‌ಗೆ (ಎರಡೂ ಸ್ಟಿಕ್ ಒಟ್ಟಿಗೆ ದುಡಿಯುವ ಹಾಗೆ) ತನ್ನಿ. ರೇ ಟ್ರೇಸಿಂಗ್ (ಬೆಳಕು-ನೆರಳಿನ ಭಾರೀ ಲೆಕ್ಕ) ಆಫ್. ಮಾನಿಟರ್ 60 ಹರ್ಟ್ಸ್‌ದಾದರೆ ಊರಲ್ಲಿ 30ಕ್ಕೆ ಲಾಕ್ ಮಾಡಿ. 50ಕ್ಕೂ 30ಕ್ಕೂ ನಡುವೆ ಜೋಕಾಲಿ ಆಡುವುದಕ್ಕಿಂತ ಒಂದೇ ಸಮ 30 ಕಣ್ಣಿಗೆ ಹಿತ. ಎಸ್‌ಎಸ್‌ಡಿ ಬೇಕೇ ಬೇಕು.

ವಿರಾಜಪೇಟೆ:
ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಸಮಸ್ಯೆ ಸೇವ್. ಒಂದೇ ಸ್ಲಾಟ್. ಆಟ ತಾನಾಗಿ ಬರೆಯುವ ಸೇವ್ ಒಂದು, ಕೊನೇ ಸಲ ಛತ್ರದಲ್ಲಿ ಮಲಗಿದಾಗಿನದು ಇನ್ನೊಂದು, ಅಷ್ಟೇ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲ್ ಕೆಡಬಹುದು, ಹಿಂದಕ್ಕೆ ಹೋಗಲು ಹತ್ತು ಸೇವ್ ಇರುವುದಿಲ್ಲ. ಹಾಗಾಗಿ:

ಆಟ ಮುಚ್ಚಿ. ಸ್ಟೀಮ್ (ಪಿಸಿ ಆಟ ಕೊಳ್ಳುವ ಆನ್‌ಲೈನ್ ಅಂಗಡಿ) ಫೋಲ್ಡರ್‌ನ 'ಯೂಸರ್‌ಡೇಟಾ' ಒಳಗೆ ನಿಮ್ಮ ಖಾತೆ ಸಂಖ್ಯೆ, ಅದರೊಳಗೆ ಈ ಆಟದ ಸಂಖ್ಯೆ, ಅದರೊಳಗೆ 'ರಿಮೋಟ್'. ಆ ಫೋಲ್ಡರನ್ನು ತಾರೀಕು ಹಾಕಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ವಾಪಸ್ ಹಾಕುವ ಮುಂಚೆ ಸ್ಟೀಮ್ ಕ್ಲೌಡ್ (ಸೇವ್‌ನ ಪ್ರತಿಯನ್ನು ನೆಟ್‌ನಲ್ಲಿಡುವ ಸೌಲಭ್ಯ) ಆಫ್ ಮಾಡಿ. ಮರೆತರೆ ಕ್ಲೌಡ್‌ನಲ್ಲಿರುವ ಕೆಟ್ಟ ಸೇವ್ ನಿಮ್ಮ ಒಳ್ಳೆಯದರ ಮೇಲೆ ಬಂದು ಕೂರುತ್ತದೆ.

ಯುಪಿಎಸ್ 600 ವಿಎ ತಗೊಂಡು ಮೋಸ ಹೋಗಬೇಡಿ. ಅದರಲ್ಲಿ ಸಿಗುವುದು ಸಾಮಾನ್ಯವಾಗಿ 360 ವ್ಯಾಟ್. ಆಟ ನಡೆಯುವಾಗ ಪಿಸಿ, ಮಾನಿಟರ್ ಸೇರಿ ಅದರ ಅಂಚಿಗೇ ಬರುತ್ತದೆ. 1000 ವಿಎ ಇರಲಿ. ಸಿಗುವ ಕೆಲವು ನಿಮಿಷ ಸೇವ್ ಮಾಡಿ ಮುಚ್ಚುವುದಕ್ಕೆ, ಡ್ರಾಗನ್ ಹೊಡೆಯುವುದಕ್ಕಲ್ಲ. ಮನೆ ಇನ್ವರ್ಟರ್ ಮೇಲೆ ಓಡಿಸುವುದಾದರೆ ಹಿಂದಿರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಸೋಮವಾರಪೇಟೆ:
ಮೇಲಿನವರು ಹೇಳಿದ್ದು ರಿಪೇರಿಯಾಗುವ ದೋಷ. ಆಟದ ಜಾಯಮಾನವೇ ಒಗ್ಗದಿದ್ದರೆ ಯಾವ ಅಪ್‌ಡೇಟೂ ಉಳಿಸುವುದಿಲ್ಲ ಮಾರಾಯ್ರೇ.

ಇದು ನಡೆಯುವ ಆಟ. ಬೇಕಾದಲ್ಲಿಗೆ ಹಾರಲು ಫೆರ್ರಿಸ್ಟೋನ್ ಬೇಕು, ಅಂಗಡಿಯಲ್ಲಿ ಒಂದಕ್ಕೆ 10,000 ಚಿನ್ನ, ಒಂದೇ ಸಲಕ್ಕೆ ಮುಗಿಯುತ್ತದೆ, ಅದೂ ಪೋರ್ಟ್‌ಕ್ರಿಸ್ಟಲ್ (ಹೋಗಿ ಇಳಿಯುವ ಗುರುತಿನ ಕಲ್ಲು) ಇರುವ ಕಡೆಗೆ ಮಾತ್ರ. ಎತ್ತಿನಗಾಡಿ ಅಗ್ಗ, ಆದರೆ ದಾರಿಯಲ್ಲಿ ದಾಳಿಯಾಗಿ ಗಾಡಿ ಮುರಿದರೆ ಉಳಿದದ್ದು ಕಾಲು. ಪೆಟ್ಟು ತಿಂದಷ್ಟೂ ಒಟ್ಟು ಆರೋಗ್ಯದ ಮಿತಿಯೇ ಕುಗ್ಗುತ್ತದೆ, ಸಾಮಾನ್ಯ ಔಷಧಿಗೆ ಬಗ್ಗುವುದಿಲ್ಲ, ಛತ್ರದಲ್ಲೋ ಬಿಡಾರದಲ್ಲೋ ಮಲಗಲೇಬೇಕು. ಹಾಗಾಗಿ ಕ್ಯಾಂಪಿಂಗ್ ಕಿಟ್ ಸದಾ ಜೊತೆಗಿರಲಿ, ಭಾರವನ್ನು ಪಾನ್‌ಗಳಿಗೆ (ಆಟವೇ ನಡೆಸುವ ಜೊತೆಗಾರರಿಗೆ) ಹಂಚಿ. ಹೊರೆ ಹೆಚ್ಚಾದರೆ ದಮ್ಮು ಬೇಗ ಇಳಿಯುತ್ತದೆ.

ನಿಜವಾದ ಕೊರತೆ ಎರಡು. ಒಂದು, ಶತ್ರುಗಳ ವೈವಿಧ್ಯ ಕಮ್ಮಿ. ಗಾಬ್ಲಿನ್, ತೋಳ, ಹಾರ್ಪಿ, ಹಲ್ಲಿಮನುಷ್ಯ, ದರೋಡೆಕೋರ. ಇಪ್ಪತ್ತು ಗಂಟೆ ಕಳೆದ ಮೇಲೂ ಬಹುಪಾಲು ಇವೇ ಮುಖಗಳು. ಇನ್ನೊಂದು, ಆಯುಧದ ಕೌಶಲಗಳು ಒಮ್ಮೆಗೆ ನಾಲ್ಕೇ. 2012ರ ಮೊದಲ ಆಟದಲ್ಲಿ ಇದಕ್ಕಿಂತ ಧಾರಾಳ ಇತ್ತು. ಆದರೆ ಒಕ್ಕಣ್ಣ ದೈತ್ಯ ಸೈಕ್ಲಾಪ್ಸ್‌ನ ಬೆನ್ನ ಮೇಲೇರಿ ಕಣ್ಣಿಗೆ ಇರಿಯುವ ಹೊಡೆದಾಟ ಬೇರೆಲ್ಲೂ ಇಷ್ಟು ಚೆನ್ನಾಗಿಲ್ಲ. ಥೀಫ್ ಅಥವಾ ಆರ್ಚರ್ ಆಗಿ ಶುರು ಮಾಡಿ, ಮುಖ್ಯ ಪಾನ್‌ಗೆ ಮೇಜ್ (ಗಾಯ ಗುಣಪಡಿಸುವ ಮಂತ್ರವಾದಿ) ಪಾತ್ರ ಕೊಡಿ. ಗುಣಪಡಿಸುವವರಿಲ್ಲದೆ ಹೊರಡಬೇಡಿ.

ಕಥೆ ಅಲ್ಲ, ಎಚ್ಚರಿಕೆ ಮಾತ್ರ: ಪಾನ್ ಮಾತು ಕೇಳದೆ, ತಲೆನೋವು ಅಂದು, ಕಣ್ಣು ಕೆಂಪಗೆ ಹೊಳೆದರೆ ಅದು ಡ್ರಾಗನ್ಸ್‌ಪ್ಲೇಗ್ ಅನ್ನುವ ರೋಗ. ಹಾಗೇ ಛತ್ರದಲ್ಲಿ ಮಲಗಿದರೆ ಬೆಳಿಗ್ಗೆ ಊರೇ ಸ್ಮಶಾನ. ಬಾಡಿಗೆ ಪಾನ್ ಆದರೆ ಕಳಿಸಿಬಿಡಿ, ನಿಮ್ಮದೇ ಆದರೆ ಆಳದ ನೀರಿಗೆ ಎಸೆದು ರಿಫ್ಟ್‌ಸ್ಟೋನ್‌ನಿಂದ ಮತ್ತೆ ಕರೆಯಿರಿ. 2025ರ ಜನವರಿಯಲ್ಲಿ ಬಂದ ಕ್ಯಾಶುಯಲ್ ಮೋಡ್‌ನಲ್ಲಿ ಈ ಅನಾಹುತ ಇಲ್ಲ, ಛತ್ರ ಮತ್ತು ಗಾಡಿ ಖರ್ಚೂ ಕಮ್ಮಿ.

ಗೋಣಿಕೊಪ್ಪ:
ಪೋರ್ಟ್‌ಕ್ರಿಸ್ಟಲ್, ವೇಕ್‌ಸ್ಟೋನ್ (ಸತ್ತವರನ್ನು ಎಬ್ಬಿಸುವ ಕಲ್ಲು) ಎಲ್ಲ ದುಡ್ಡಿಗೆ ಮಾರುತ್ತಾರೆ ಅನ್ನುವ ಗಲಾಟೆ ಇತ್ತಲ್ಲ, ಅವೆಲ್ಲ ಆಟದೊಳಗೇ ಸಿಗುತ್ತವೆ. ಒಂದು ಪೈಸೆ ಹಾಕಬೇಡಿ. ಪೂರ್ತಿ ಬೆಲೆಯ ಆಟಕ್ಕೆ ಅಂಥದ್ದನ್ನು ಅಂಟಿಸಿದ್ದು ಮಾತ್ರ ನಾಚಿಕೆಗೇಡು, ಅಲ್ಲಿ ಬೈದವರದ್ದೇ ಸರಿ.

ಸಿದ್ದಾಪುರ:
ಜಾಗ 100 ಜಿಬಿ ಇಟ್ಟುಕೊಳ್ಳಿ. ದಿನಕ್ಕೆ 2 ಜಿಬಿ ಅಂದರೆ ಹೆಚ್ಚುಕಮ್ಮಿ ಒಂದೂವರೆ ತಿಂಗಳು! ಫೈಬರ್ ಇರುವವರ ಮನೆಗೆ ಪಿಸಿ ಡಬ್ಬಿಯನ್ನೇ ಹೊತ್ತುಕೊಂಡು ಹೋಗಿ. ಆಗಲ್ಲ ಅಂದರೆ ಅಲ್ಲಿನ ಪಿಸಿಯಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿ ಇಳಿಸಿ, ಸ್ಟೀಮ್‌ನ ಬ್ಯಾಕಪ್ ಆಯ್ಕೆಯಿಂದ ಹೊರಗಿನ ಡ್ರೈವ್‌ಗೆ ಹಾಕಿ, ಮನೆಯಲ್ಲಿ ರೀಸ್ಟೋರ್ ಮಾಡಿ. ಆಮೇಲೆ ಅಪ್‌ಡೇಟ್ ಅಷ್ಟೇ ನೆಟ್‌ನಲ್ಲಿ. ನೆಟ್ ಇಲ್ಲದಾಗಲೂ ಆಡಬಹುದು, ಬೇರೆ ಆಟಗಾರರು ಮಾಡಿದ ಪಾನ್‌ಗಳು ಬರುವುದಿಲ್ಲ ಅಷ್ಟೇ.

ನಾಪೋಕ್ಲು:
ತಗೊಂಡ ಮೇಲೆ ಪಿಸಿ ಎಳೆಯಲಿಲ್ಲ ಅಂದರೆ?

ಕುಶಾಲನಗರ:
14 ದಿನದೊಳಗೆ, ಆಡಿದ ಸಮಯ 2 ಗಂಟೆಗಿಂತ ಕಮ್ಮಿ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆದರೆ ಮುಖ, ಮೂಗು, ಮೀಸೆ ತಿದ್ದುವುದರಲ್ಲೇ ಒಂದು ಗಂಟೆ ಹೋಗುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಪಾತ್ರ ರೂಪಿಸುವ ಭಾಗವನ್ನು ಬೇರೆಯಾಗಿ ಉಚಿತವಾಗಿ ಕೊಟ್ಟಿದ್ದಾರೆ, ಅದರಲ್ಲಿ ನೀವೂ ನಿಮ್ಮ ಪಾನೂ ತಯಾರಾಗಿ. ಆಮೇಲೆ ಆಟ ಕೊಂಡು, ದಾರಿಯಲ್ಲಿ ಎಲ್ಲೂ ಅಡ್ಡಾಡದೆ ನೇರ ವರ್ನ್‌ವರ್ತ್‌ಗೆ ಹೋಗಿ ಪೇಟೆ ಬೀದಿಯಲ್ಲಿ ಹತ್ತು ನಿಮಿಷ ಸುತ್ತಿ. ಅಲ್ಲಿ ಸಹಿಸಬಹುದಾದರೆ ಇಟ್ಟುಕೊಳ್ಳಿ.